ಮೂರನೆಯ ಸಿಡಿಗೆ ಹಚ್ಚಿದ ಕುಂಕುಮ

ಮುನೀರ, ಆ ಮೂರನೆಯ ಸಿಡಿಯನ್ನು ಹಾಳು ಮಾಡಿದವನು ನಾನು. ನೀನಲ್ಲ, ನಿನಗೆ ಅದನ್ನು ಕೊಟ್ಟ ನಿನ್ನ ಚಿಕ್ಕಪ್ಪನ ಮಗನೂ ಅಲ್ಲ — ನಾನು. ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತಲ್ಲ, ನನ್ನ ಬಾಯಿಗೆ ಇಷ್ಟು ಮಣ್ಣು ಹಾಕ!

ರಾಮನಗರದಲ್ಲಿ ನಮ್ಮಿಬ್ಬರ ಡಿಪ್ಲೊಮಾ ಮುಗಿದ ವರ್ಷ ಅದು. ಕಾಲೇಜಿನ ಹೊಸ ಲ್ಯಾಬಿನಲ್ಲಿ ಲಿನಕ್ಸ್ ಇತ್ತು. ಹುಡುಗರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥ ಮಾಡಿಸುವ ಕಂಪೈಲರ್ ಮಾತ್ರ ಇರಲಿಲ್ಲ. "ಜೂನಿಯರ್ ಹುಡುಗರ ಪ್ರಾಕ್ಟಿಕಲ್ ಪರೀಕ್ಷೆಯೊಳಗೆ ಅದನ್ನ ಯಾರು ಓಡಿಸಿ ತೋರಿಸ್ತಾರೋ ಅವರಿಗೇ ಲ್ಯಾಬ್ ಅಸಿಸ್ಟೆಂಟ್ ಕೆಲಸ" ಎಂದಿದ್ದರು ವಿಭಾಗದ ಮುಖ್ಯಸ್ಥರಾದ ನಮ್ಮ ಎಚ್‌ಓಡಿ. ರೇಷ್ಮೆ ನೂಲು ತೆಗೆಯುವ ಬಿಸಿನೀರಿನಲ್ಲಿ ಅಪ್ಪನ ಬೆರಳು ಬೇಯುವುದನ್ನು ನೋಡುತ್ತ ಬೆಳೆದವನು ನೀನು. ಆ ಕೆಲಸ ನಿನಗೆ ಬೇಕೇಬೇಕಿತ್ತು. ಚಿಕ್ಕಪ್ಪನ ಮಗನ ಹತ್ತಿರ ಕೇಳಿ ಲಿನಕ್ಸಿನ ಮೂರು ಸಿಡಿ ತಂದವನೂ ನೀನೇ. ನಾನು ಸುಮ್ಮನೆ ಜೊತೆಗೆ ಕೂತವನು.

ಅಬ್ಬಬ್ಬಾ, ಸಿಡಿಯಲ್ಲಿದ್ದ ಆ ಬಿಡಿ ಬಿಡಿ ತಂತ್ರಾಂಶದ ಪ್ಯಾಕೇಜುಗಳ ಗೋಳು! ಕಂಪೈಲರ್ ಹಾಕಹೋದರೆ ಮೊದಲು ಇನ್ನೊಂದು ಪ್ಯಾಕೇಜು ಹಾಕು ಎನ್ನುತ್ತಿತ್ತು. ಅದನ್ನು ಹಾಕಹೋದರೆ ಅದಕ್ಕೆ ಮತ್ತೊಂದು ಬೇಕು. ತಾಲೂಕು ಕಚೇರಿಯೇ ವಾಸಿ — ಅಲ್ಲಿ ಸಂಜೆಗಾದರೂ ಬಾಗಿಲು ಹಾಕುತ್ತಾರೆ. ನಾನು ಮೌಸು ಕುಕ್ಕಿ ಎದ್ದರೆ ನೀನು ನಗುತ್ತಿದ್ದೆ. "ಒಸಿ ತಡಿಯಲೇ, ಬೇಕಾದ್ದೆಲ್ಲಾ ಮೂರ್ನೇ ಸಿಡಿನಾಗೆ ಐತೆ."

ಅಷ್ಟರಲ್ಲಿ ಆಯುಧಪೂಜೆ ಬಂತು. ಲ್ಯಾಬಿನ ಪೂಜೆ ನನ್ನ ಪಾಲಿಗೆ. ಮಾನಿಟರು, ಕೀಬೋರ್ಡು, ಯುಪಿಎಸ್ಸು — ಎಲ್ಲಕ್ಕೂ ಗಂಧ, ಕುಂಕುಮ. ನಿನ್ನ ಸಿಡಿಯನ್ನು ಯಾಕೆ ಬಿಡಬೇಕು ಎಂದು... ನಿನಗೆ ಒಳ್ಳೆಯದಾಗಲಿ ಎಂದೇ, ದೇವರಾಣೆ... ಬೇಕಾದ್ದೆಲ್ಲ ಇದ್ದ ಆ ಮೂರನೆಯದಕ್ಕೂ ಹಚ್ಚಿದೆ. ಹೊಳೆಯುವ ಕಡೆಯೇ ಅದರ ಮುಖ ಎಂದುಕೊಂಡಿದ್ದೆ, ಪೆದ್ದ! ಡ್ರೈವು ಓದುವುದೇ ಆ ಕಡೆಯಿಂದ. ರಜೆ ಮುಗಿಸಿ ಬಂದಾಗ ಗಂಧ ಒಣಗಿ ಕಚ್ಚಿಕೊಂಡಿತ್ತು. ಟವೆಲಿನ ತುದಿ ಒದ್ದೆ ಮಾಡಿ ತಿಕ್ಕಿದೆ. ಕೆಂಪು ಹೋಯಿತು, ಗೀರು ಉಳಿಯಿತು. ಡಬ್ಬಿಯಲ್ಲಿಟ್ಟು ಸುಮ್ಮನಾದೆ.

ಅದೇ ಮಧ್ಯಾಹ್ನ ಎಚ್‌ಓಡಿ ಎದುರಿಗೇ ನೀನು ಅದನ್ನು ಹಾಕಿದೆ. ಡ್ರೈವು ಕಿರ್ರೆಂದು ತಿರುಗಿ, ಓದಲಾಗದು ಎಂದಿತು. ಮತ್ತೆ ಹಾಕಿದೆ; ಮತ್ತೆ ಅದೇ. ಅವರು ಸಿಡಿಯನ್ನು ಬೆಳಕಿಗೆ ಹಿಡಿದು, "ಯಾರಯ್ಯ ಹಿಂಗೆ ಗೀಚಿರೋದು?" ಎಂದು ರೇಗಿದರು. ನಾನು ಬಾಯಿ ಬಿಟ್ಟೆ.

"ಮುನೀರ ತಂದಾಗ್ಲೇ ಹಿಂಗಿತ್ತು ಸಾರ್."

ಹಾಳು ಮಾಲು ತಂದು ಟೈಮು ತಿಂದೆ ಎಂದು ನಿನ್ನನ್ನು ಬೈದು ಕಳಿಸಿದರು. ಮುಂದಿನ ವಾರ ನಾನು ಬೆಂಗಳೂರಿನಿಂದ ಬೇರೆ ಸಿಡಿ ತಂದೆ, ಕಂಪೈಲರ್ ಓಡಿತು, ಕೆಲಸ ನನಗೆ ಸಿಕ್ಕಿತು. ನೀನು ಬಿಡದಿಯ ಕಾರ್ಖಾನೆಯೊಂದಕ್ಕೆ ಗುತ್ತಿಗೆ ಆಳಾಗಿ ಹೋದೆ.

ನನಗೆ ನಿನ್ನ ಮೇಲೂ ಸಿಟ್ಟಿದೆ ಕಣೋ. ಅವತ್ತು ನೀನು ಹೊರಡುವಾಗ ಸಿಡಿಗಳನ್ನು ನಿನ್ನ ಕೈಗೆ ಕೊಟ್ಟೆನಲ್ಲ — ನಡುವಿನ ತೂತಿನ ಅಂಚಿನಲ್ಲಿ ಉಳಿದಿದ್ದ ಕುಂಕುಮ ನಿನ್ನ ಹೆಬ್ಬೆರಳಿಗೆ ಅಂಟಿತು. ನೀನು ಬೆರಳು ನೋಡಿದೆ. ನನ್ನ ಮುಖ ನೋಡಿದೆ. ಪ್ಯಾಂಟಿಗೆ ಒರೆಸಿಕೊಂಡು, "ಬತ್ತೀನಿ ಕಣ್ಲಾ" ಎಂದು ಹೊರಟುಬಿಟ್ಟೆ. ಬೈಯಬಾರದಿತ್ತೇ! ಕೆನ್ನೆಗೆ ಒಂದು ಬಾರಿಸಬಾರದಿತ್ತೇ!

ಈಗ ಒಂದು ಸಾಲು ಟೈಪಿಸಿದರೆ ಸಾಕು, ಕಂಪೈಲರ್ ತನಗೆ ಬೇಕಾದ್ದನ್ನೆಲ್ಲ ತಾನೇ ಎಳೆದುಕೊಂಡು ಬರುತ್ತದೆ. ಅದಕ್ಕೂ ಹುಡುಗರು ತಡವಾಯಿತು ಎಂದು ಗೊಣಗುತ್ತಾರೆ, ನಾನು ಅವರ ಮೇಲೆ ಹರಿಹಾಯುತ್ತೇನೆ. ನಿನ್ನೆ ಈಗಿನ ಎಚ್‌ಓಡಿಗೆ ಎಲ್ಲ ಹೇಳಿದೆ. "ಹಳೇ ಕಥೆ, ಬಿಡ್ರೀ" ಎಂದು ನಕ್ಕರು. ಅವರಿಗೆ ಹಳೆಯದು. ನಾನು ಇವತ್ತೂ ಕೂತಿರುವುದು ನಿನ್ನ ಕುರ್ಚಿಯಲ್ಲಿ.

ಭಾನುವಾರ ಬಿಡದಿಗೆ ಬರುತ್ತೇನೆ. ಅವತ್ತು ನೀನು ನುಂಗಿಕೊಂಡ ಬೈಗುಳವನ್ನು ನನಗೆಂದು ಎತ್ತಿಟ್ಟಿರು.