ಚೌಕಟ್ಟಿನ ಹಿಂದೆ ಮಡಚಿಟ್ಟವರು

ಕುಷ್ಟಗಿಯ ಹೊರಗೆ, ದಾಳಿಂಬೆ ತೋಟಗಳು ಮುಗಿಯುವಲ್ಲಿರುವ ವಿಶ್ವವಿದ್ಯಾಲಯಕ್ಕೆ ಕಳಕಮ್ಮ ಬರುವಾಗ ಇನ್ನೂ ನಸುಕು. ಗೇಟಿನ ಕಾವಲುಗಾರ ಕುರ್ಚಿಯಲ್ಲೇ ತೂಕಡಿಸುತ್ತಿರುತ್ತಾನೆ. ರೆಕಾರ್ಡ್ ರೂಮಿನ ಬೀಗ ತೆಗೆದು ಒಳಗೆ ಹೋದವರು ಮೊದಲು ಮಾಡುವ ಕೆಲಸ, ಒಳಗಿನಿಂದ ಚಿಲಕ ಹಾಕಿಕೊಳ್ಳುವುದು. ಕಸ ಗುಡಿಸುವವರಿಗೆ ಚಿಲಕ ಯಾತಕ್ಕೆ? ಬಾಗಿಲು ತಟ್ಟಿ ಕೇಳುತ್ತೇನೆ.

"ಗಾಳಿ ಹೊಕ್ರ ಕೆಲಸ ಕೆಡತೈತ್ರಿ. ಸ್ವಲ್ಪ ನಿಂದರ್ರಿ" ಎಂಬ ಮಾತು ಒಳಗಿನಿಂದಲೇ ಬರುತ್ತದೆ.

ಈ ಉತ್ತರ ನನಗೆ ಸರಿ ಕಾಣುವುದಿಲ್ಲ. ಗುಡಿಸುವ ಹೆಂಗಸು ಹಳೆಯ ಫೋಟೋಗಳನ್ನು ಬೇಕಂತಲೇ ಹಾಳು ಮಾಡುತ್ತಿದ್ದಾಳೆ ಎಂಬ ದೂರು ಕೇಳಿಯೇ ಪತ್ರಿಕೆಯವನಾದ ನಾನು ಬಂದಿರುವುದು. ಬಾಗಿಲು ತೆರೆದಾಗ ಕಾಣುವುದು ಒಂದು ತಗಡಿನ ಟ್ರಂಕು. ತಳದಲ್ಲಿ ಹಿಂಡಿದ ಹಸಿ ಬಟ್ಟೆ, ಅದರ ಮೇಲೆ ಬೋರಲು ಹಾಕಿದ ಜರಡಿ, ಜರಡಿಯ ಮೇಲೆ ಒಂದು ಉದ್ದನೆಯ ಗುಂಪು ಫೋಟೋ. ಖಡಕ್ ರೊಟ್ಟಿಯನ್ನು ಹಸಿ ಬಟ್ಟೆಯಲ್ಲಿ ಸುತ್ತಿಟ್ಟು ಮೆತ್ತಗೆ ಮಾಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಳಕಮ್ಮ ಅದೇ ಉಪಾಯವನ್ನು ಫೋಟೋಗಳಿಗೆ ಹಚ್ಚಿದ್ದಾರೆ.

ಕೊಪ್ಪಳ ಜಿಲ್ಲೆಯಾದ 1997ರಲ್ಲೇ ಇಲ್ಲಿ ಸ್ನಾತಕೋತ್ತರ ಕೇಂದ್ರ ಶುರುವಾಯಿತು. ಅದೇ ಬೆಳೆದು ವಿಶ್ವವಿದ್ಯಾಲಯವಾಗಿದೆ. ಪ್ರತಿ ವರ್ಷ ಒಂದು ಗುಂಪು ಫೋಟೋ ತೆಗೆಸಿ, ಗಾಜಿನ ಕಟ್ಟು ಹಾಕಿಸಿ, ಸಭಾಂಗಣದಲ್ಲಿ ತೂಗು ಹಾಕುವುದು ಮೊದಲಿನಿಂದ ಬಂದ ಪದ್ಧತಿ. ಒಂದಲ್ಲ ಒಂದು ಕಾರಣಕ್ಕೆ ಮುಂದಕ್ಕೆ ಹೋಗಿದ್ದ ಬೆಳ್ಳಿಹಬ್ಬ ಈಗ ಬಂದಿದೆ. ಅದಕ್ಕೆಂದು ಫೋಟೋಗಳನ್ನು ಇಳಿಸಿ ಒರೆಸುವಾಗ ಒಂದರ ಹಿಂದೆ ಗೆದ್ದಲು ಕಂಡಿತು. ಕಳಕಮ್ಮ ಹಿಂದಿನ ರಟ್ಟು ಕಿತ್ತರು. ನೋಡಿದರೆ ಫೋಟೋದ ಎರಡೂ ತುದಿಗಳನ್ನು ಹಿಂದಕ್ಕೆ ಮಡಚಿ ಒಳಗೆ ಸೇರಿಸಲಾಗಿತ್ತು. ಒಂದರಲ್ಲಿ ಅಲ್ಲ, ಎಲ್ಲದರಲ್ಲೂ. ಒಣಗಿ ಗಡುಸಾದ ಆ ಮಡಿಕೆಗಳನ್ನು ಮುರಿಯದಂತೆ ಬಿಚ್ಚಲೆಂದೇ ಈ ಟ್ರಂಕು.

ಮಡಿಕೆಯೊಳಗೆ ಯಾರಿದ್ದಾರೆ? ಉರ್ದು ಕಲಿಸುತ್ತಿದ್ದ ಜಿಲಾನಿ ಮೇಷ್ಟ್ರು ಇದ್ದಾರೆ. ಗೋಡೆ ಎಬ್ಬಿಸಿದ ಕಲ್ಲು ಕೆಲಸದವರು, ತಲೆ ಮೇಲೆ ಸೆರಗು ಹೊದ್ದ ಅಡುಗೆಯವರು ಇದ್ದಾರೆ. ಶ್ರೀರಾಮನಗರದ ಕಾಲುವೆ ಕಡೆಯಿಂದ ಬಂದ ತೆಲುಗು ಮನೆಮಾತಿನ ಹುಡುಗರಿದ್ದಾರೆ, ಮೊದಲ ತಂಡದ ಹುಡುಗಿಯರಿದ್ದಾರೆ. ನಡುವೆ ಕುರ್ಚಿ ಹಾಕಿಕೊಂಡು ಕುಳಿತವರಷ್ಟೇ ಈ ಸಂಸ್ಥೆ ಕಟ್ಟಿದರು ಎಂದು ಬೆಳ್ಳಿಹಬ್ಬದ ಪುಸ್ತಕ ಹೇಳುತ್ತದೆ. ಪುಸ್ತಕ ಬರೆದವರು ಗೋಡೆಯ ಫೋಟೋ ನೋಡಿ ಬರೆದಿರಬೇಕು.

ನನಗೆ ಸಿಟ್ಟು ಬಂತು. ಯಾರೋ ಕುಳಿತು ಲೆಕ್ಕ ಹಾಕಿ ಇವರನ್ನು ಮಡಚಿದ್ದಾರೆಂದು ಖಾತ್ರಿ ಮಾಡಿಕೊಂಡೇ ಈ ಫೋಟೋಗಳಿಗೆಲ್ಲ ಕಟ್ಟು ಹಾಕಿದ, ಬಜಾರಿನ ಶಾಮೀದಸಾಬರ ಅಂಗಡಿಗೆ ಹೋದೆ. ಮುದುಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಗ್ಲಾಸು ಎಲ್ಲಾ ಒಂದ ಅಳತಿ ಬರ್ತಿದ್ದುವ್ರಿ. ಫೋಟೋ ಉದ್ದ. ಆಫೀಸಿನವರು ಕತ್ತರಿಸಿ ಬಿಡು ಅಂದ್ರು. ಮನಷ್ಯಾರನ್ನ ಹೆಂಗ ಕತ್ತರಿಸ್ಲಿ? ಮಡಚಿದೆ."

ಕತ್ತರಿಸು ಎಂದವರು ಯಾರು ಎಂದು ಕೇಳಿದಾಗ ಗಾಜು ಒರೆಸತೊಡಗಿದರು. ಮತ್ತೆ ಕೇಳಿದೆ. ಇನ್ನಷ್ಟು ಒರೆಸಿದರು. ಹೆಸರು ಅವರಿಗೆ ಗೊತ್ತಿದೆ ಎಂದು ನನ್ನ ಅನುಮಾನ.

ಕಳಕಮ್ಮನ ಮೇಲಿನ ದೂರು ಪೂರ್ತಿ ಸುಳ್ಳೂ ಅಲ್ಲ. ಮೊದಲು ಬಿಚ್ಚಿದ ಫೋಟೋಗೆ ಅವರು ರೊಟ್ಟಿಗೆ ಸುತ್ತಿದಂತೆಯೇ ಹಸಿ ಬಟ್ಟೆ ಸುತ್ತಿಬಿಟ್ಟಿದ್ದರು. ಬಿಚ್ಚಿದಾಗ ಮುಖ್ಯ ಅತಿಥಿಗಳ ಅರ್ಧ ಮುಖ ಬಟ್ಟೆಗೆ ಅಂಟಿಕೊಂಡಿತ್ತು. ಜರಡಿ ಬಂದದ್ದು ಆಮೇಲೆ. "ರೊಟ್ಟಿಗೆ ಮಾರಿ ಇರಂಗಿಲ್ಲ ನೋಡ್ರಿ, ನನಗ ತಿಳೀಲಿಲ್ಲ" ಎನ್ನುತ್ತಾರೆ.

ಬೆಳ್ಳಿಹಬ್ಬದ ಸಮಿತಿಯ ಕಾರ್ಯದರ್ಶಿಗೆ ಅಷ್ಟು ಸಾಕಾಯಿತು. ತನ್ನ ಮುಖವನ್ನು ಗೋಡೆಗೆ ಏರಿಸಿಕೊಳ್ಳಲು ಈಕೆ ದೊಡ್ಡವರ ಮುಖ ಕೆಡಿಸುತ್ತಿದ್ದಾಳೆ ಎಂದು ಅವರು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಸೋಮವಾರದೊಳಗೆ ಎಲ್ಲ ಫೋಟೋಗಳೂ ಮೊದಲಿದ್ದಂತೆ ಮಡಚಿ ಹಳೆಯ ಕಟ್ಟಿನೊಳಗೆ ಹೋಗಬೇಕು. ಇಲ್ಲದಿದ್ದರೆ ಮಂಗಳವಾರದಿಂದ ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಕಳಕಮ್ಮ ಹೊರಗುತ್ತಿಗೆಯವರು. ತೆಗೆಯಲು ಒಂದು ಮಾತು ಸಾಕು.

ಮಡಚಿದರೆ ಏನಾಗುತ್ತದೆಂದು ಅವರು ಬೆರಳಿಟ್ಟು ತೋರಿಸುತ್ತಾರೆ. ಹಳೆಯ ಮಡಿಕೆಯ ಗೆರೆಯಲ್ಲಿ ಕಾಗದ ಆಗಲೇ ಸವೆದಿದೆ. ಇನ್ನೊಮ್ಮೆ ಮಡಚಿದರೆ ಅಲ್ಲಿ ನಿಂತವರು ಪುಡಿಯಾಗಿ ಉದುರುತ್ತಾರೆ. ಬೇರೆ ಪ್ರತಿ ಎಲ್ಲೂ ಇಲ್ಲ. ಫೋಟೋ ತೆಗೆದ ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಯಿತು.

ಕಾರ್ಯದರ್ಶಿಯ ಮಾತು ನನ್ನ ತಲೆಯಲ್ಲೂ ಕೊರೆಯುತ್ತಿತ್ತು. ಮೊದಲ ವರ್ಷದಿಂದ ಕಳಕಮ್ಮ ಹಾಸ್ಟೆಲಿನ ಅಡುಗೆಮನೆಯಲ್ಲಿದ್ದವರು. ಅಡುಗೆ ಗುತ್ತಿಗೆದಾರರ ಪಾಲಾದ ಮೇಲೆ ಇತ್ತ ಬಂದವರು. ಅವರ ಮುಖ ಇದ್ದೇ ಇರಬೇಕೆಂದು ಭೂತಗನ್ನಡಿ ಹಿಡಿದು ಒಂದೊಂದೇ ಫೋಟೋ ಹುಡುಕಿದೆ. ಅಡುಗೆಯವರೆಲ್ಲ ಸಿಕ್ಕರು. ಕಳಕಮ್ಮ ಒಂದರಲ್ಲೂ ಇಲ್ಲ. ಇದು ಇನ್ನೂ ವಿಚಿತ್ರವೆನಿಸಿ, ನಿಮ್ಮದನ್ನು ಯಾರು ತೆಗೆದರು ಎಂದು ಕೇಳಿಯೇಬಿಟ್ಟೆ.

ಅವರು ನಕ್ಕರು. "ಯಾರೂ ತಗದಿಲ್ರಿ. ಫೋಟೋ ಹೊಡ್ಯಾಂವ ಊಟದ ಹೊತ್ತಿಗೇ ಬರ್ತಿದ್ದ. ಎಲ್ಲಾರೂ ಹೋದ್ರ ಅನ್ನ ನೋಡೋರು ಯಾರು? ನೀವು ಹೋಗಿ ಬರ್ರಿ, ನಾ ಇರ್ತೀನಿ ಅಂತಿದ್ದೆ. ಅದಕ ಅವರೂ ತುದೀಗೆ ನಿಲ್ತಿದ್ರು. ಅನ್ನ ಉಕ್ಕಿತು ಅಂತ ನಾ ಕೂಗಿದ್ರ ಓಡಿ ಬರಾಕ."

ಅಡುಗೆಯವರ ಮಟ್ಟಿಗೆ ಇದು ಸರಿ. ಜಿಲಾನಿ ಮೇಷ್ಟ್ರಿಗೆ ಯಾವ ಅನ್ನ ಉಕ್ಕುತ್ತಿತ್ತು ಎಂದು ಕೇಳಿದೆ. ಕಳಕಮ್ಮ ಟ್ರಂಕಿನ ಬಟ್ಟೆ ತೆಗೆದು ಇನ್ನೊಮ್ಮೆ ಹಿಂಡತೊಡಗಿದರು.

ಸೋಮವಾರ ಕಾರ್ಯದರ್ಶಿ ತಾವೇ ಬರುತ್ತಾರೆ. ಕೆಲಸ ಆಗಿಲ್ಲ ಎಂದು ಕಂಡು ದನಿ ಏರಿಸುತ್ತಾರೆ. ಕಳಕಮ್ಮ ಎದುರಾಡುವುದಿಲ್ಲ. ಮೊದಲ ವರ್ಷದ ಫೋಟೋವನ್ನು ತಂದು ಅವರ ಮುಂದೆ ಮೇಜಿನ ಮೇಲೆ ಹಾಸುತ್ತಾರೆ.

"ನನ್ನ ಕೈಲೆ ಆಗಂಗಿಲ್ರಿ ಸರ. ನೀವ ಮಡಚ್ರಿ. ಗೆರಿ ಇಲ್ಲೇ ಐತಿ, ಈ ಹೆಣ್ಣಮಗಳ ಮಾರಿ ಮ್ಯಾಲ."

ಕಾರ್ಯದರ್ಶಿ ತುದಿಯನ್ನು ಎತ್ತುತ್ತಾರೆ. ಸಣ್ಣದಾಗಿ ಚಟಕ್ ಎನ್ನುತ್ತದೆ. ಕೈ ನಿಲ್ಲುತ್ತದೆ. ಬಾಗಿಲಲ್ಲಿ ನಿಂತ ನನ್ನತ್ತ ಒಮ್ಮೆ ನೋಡಿ ತುದಿಯನ್ನು ಮೆಲ್ಲಗೆ ಕೆಳಗಿಡುತ್ತಾರೆ. ಸಮಿತಿಯಲ್ಲಿ ಕೇಳಿ ಹೇಳುತ್ತೇನೆ ಎಂದು ಹೊರಟುಹೋಗುತ್ತಾರೆ. ಅವರ ಮನಸ್ಸು ಕರಗಿತೆಂದು ನಾನು ಬರೆಯುವುದಿಲ್ಲ. ಪತ್ರಿಕೆಯವನು ನೋಡುತ್ತಿದ್ದಾನೆ ಎಂಬ ಅಂಜಿಕೆಯೂ ಇರಬಹುದು. ಸಂಜೆಗೆ ಬಂದ ಮಾತಿಷ್ಟು: ಫೋಟೋಗಳನ್ನು ಬಿಚ್ಚಿದಂತೆಯೇ ಹಾಕಬಹುದು, ಆದರೆ ಸಭಾಂಗಣದಲ್ಲಿ ಅಲ್ಲ, ಹೊರಗಿನ ಮೊಗಸಾಲೆಯಲ್ಲಿ. ಕಳಕಮ್ಮ ಕೆಲಸದಲ್ಲಿ ಮುಂದುವರಿಯಬಹುದು.

ಮೊಗಸಾಲೆಗೆ ಬಿಸಿಲು ಬೀಳುತ್ತದೆ. ಅಲ್ಲಿಗೇ ಯಾಕೆ ಎಂದು ನಾನು ಕೆರಳಿದರೆ, ಕಳಕಮ್ಮ ಆಗಲೇ ಪರದೆ ಬಟ್ಟೆಯ ಅಳತೆ ನೋಡುತ್ತಿದ್ದಾರೆ. ಬೆಳ್ಳಿಹಬ್ಬದ ದಿನ ಹೊಸ ಗುಂಪು ಫೋಟೋ ತೆಗೆಸುತ್ತಾರಂತೆ. ಈ ಸಲವಾದರೂ ನಿಲ್ಲುತ್ತೀರಾ, ನಡುವೆಯೇ ನಿಂತುಕೊಳ್ಳಿ ಎನ್ನುತ್ತೇನೆ.

"ನಿಲ್ತೀನ್ರಿ. ನಡುವ್ಯಾಕ, ತುದೀಗೇ ನಿಲ್ತೀನಿ" ಎನ್ನುತ್ತಾ ಟ್ರಂಕಿನ ಮುಚ್ಚಳ ಹಾಕುತ್ತಾರೆ. "ಉದ್ದನ ಗ್ಲಾಸು ತರಸ್ರಿ ಅಂತ ಶಾಮೀದಸಾಬರಿಗೆ ಹೇಳಿ ಬಂದೀನಿ."