ವೈನಿಯ ನಾಲ್ಕು ಮಾತು

ನನ್ನ ಅಣ್ಣನ ಹೆಂಡತಿ, ನಾವು ವೈನಿ ಎನ್ನುತ್ತಿದ್ದವಳು, ಒಂದು ಸಿನಿಮಾದಲ್ಲಿ ಪಾತ್ರ ಮಾಡಿದ್ದಳು. ಅದನ್ನು ಈಗ ಯಾರೂ ನೆನೆಸುವುದಿಲ್ಲ. ನೆನೆಸುವಂಥ ಸಿನಿಮಾ ಅದಾಗಿರಲೂ ಇಲ್ಲ.

ಆಗ ನಾನೂ ಅವಳೂ ಮಿರಜದ ಹತ್ತಿರ ನೂಲು ತೆಗೆಯುವ ಸಹಕಾರಿ ಸೂತಗಿರಣಿಯಲ್ಲಿ ಕೆಲಸಕ್ಕಿದ್ದೆವು. ವೈನಿ ಜಮಖಂಡಿ ಕಡೆಯವಳು. ಅವಳ ಅಪ್ಪ ಊರಿನ ನಾಟಕಗಳಲ್ಲಿ ಪಾರ್ಟು ಮಾಡುತ್ತಿದ್ದವನು. ಅವನು ಮಾತು ಬಾಯಿಪಾಠ ಮಾಡುವಾಗ ಪಕ್ಕದಲ್ಲಿ ಕೂತು ಇವಳೂ ಕಲಿತಿದ್ದಳು. ಯಂತ್ರಗಳ ಅಷ್ಟು ಗದ್ದಲದಲ್ಲೂ ಅವಳ ದನಿ ಮೂರು ಸಾಲು ದಾಟಿ ಕೇಳುತ್ತಿತ್ತು. ಊಟದ ಹೊತ್ತಿನಲ್ಲಿ ಅವಳು ನಾಟಕದ ಮಾತು ಹೇಳಿದರೆ ಕನ್ನಡ ಬಾರದ ಮರಾಠಿ ಹೆಂಗಸರೂ ರೊಟ್ಟಿ ಮುರಿಯುವುದನ್ನು ಮರೆತು ಕೇಳುತ್ತಿದ್ದರು.

ಮುಂಬೈಯಿಂದ ಹಿಂದಿ ಸಿನಿಮಾದವರು ಬಂದಾಗ ಆಸೆ ಹುಟ್ಟಿಸಿದವಳು ನಾನೇ. ಕತೆ ಇಷ್ಟೆ: ಕಾಲೇಜು ಕಲಿಯುವ ಐದು ಜನರ ಕಾರು ಅಡವಿಯಲ್ಲಿ ಕೆಟ್ಟು ನಿಲ್ಲುತ್ತದೆ; ಮುಖಕ್ಕೆ ಗೋಣಿಚೀಲ ಕಟ್ಟಿಕೊಂಡವನೊಬ್ಬ ಅವರನ್ನು ಒಬ್ಬೊಬ್ಬರಾಗಿ ಕುಡಗೋಲಿನಿಂದ ಕಡಿಯುತ್ತಾನೆ. ಅಡವಿ ಹುಡುಕಿಕೊಂಡು ದೂರ ಹೋಗುವಷ್ಟು ದುಡ್ಡು ಅವರ ಬಳಿ ಇರಲಿಲ್ಲ. ಹತ್ತಿರದ ಖಂಡೇರಾಜುರಿ ಊರಿನ ಆಚೆಗಿನ ಜಾಲಿ ಗಿಡಗಳನ್ನೇ ಅಡವಿ ಮಾಡಿಕೊಂಡರು. ದಾರಿಯಲ್ಲಿ ಎದುರಾಗಿ ಎಚ್ಚರಿಕೆ ಹೇಳುವ ಹೆಂಗಸೊಬ್ಬಳು ಬೇಕಾಗಿದ್ದಾಳೆಂದು ಗಿರಣಿಯಲ್ಲಿ ಸುದ್ದಿಯಾಯಿತು. ವೈನಿ ಬೇಡವೆಂದಳು. ಎರಡು ದಿನ ಬೆನ್ನು ಹತ್ತಿ ಕರೆದುಕೊಂಡು ಹೋದೆ.

ಡೈರೆಕ್ಟರು ಅವಳ ದನಿ ಕೇಳಿ, ಹಿಂದಿ ಬೇಡ, ನಿಮ್ಮ ಭಾಷೆಯಲ್ಲೇ ಹೇಳಿ, ಅದೇ ಮೈ ಜುಮ್ಮೆನ್ನಿಸುತ್ತದೆ ಎಂದರು. ವೈನಿಗೆ ಆದ ಸಂತೋಷ ನಾನು ಬಲ್ಲೆ. ಈ ಊರಿಗೆ ಬಂದ ಮೇಲೆ ಅವಳ ಭಾಷೆಯೇ ಬೇಕೆಂದು ಯಾರಾದರೂ ಕೇಳಿದ್ದು ಅದೇ ಮೊದಲು. ಎಂಟು ದಿನ ಅಡಿಗೆಮನೆಯಲ್ಲಿ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದಳು. ಅವರು ಕೊಟ್ಟದ್ದು ಮೂರು ಮಾತು. ನಾಲ್ಕನೆಯದನ್ನು ತಾನೇ ಸೇರಿಸಿದಳು.

“ಈ ದಾರಿ ಹಿಡೀಬ್ಯಾಡ್ರಿ. ಹೋದಾವ್ರು ಯಾರೂ ತಿರುಗಿ ಬಂದಿಲ್ಲ. ಹೊತ್ತು ಮುಳುಗೂದ್ರಾಗ ಊರು ಸೇರ್ರಿ. ನಿಮ್ಮ ತಾಯಂದಿರು ಬಾಗಲದಾಗ ಕುಂತಿರತಾರ.”

ಶೂಟಿಂಗ್ ದಿನ ನಾನೂ ಹೋಗಿದ್ದೆ. ಮಟಮಟ ಮಧ್ಯಾಹ್ನ, ಕ್ಯಾಮೆರಾಕ್ಕೆ ನೀಲಿ ಹಾಳೆ ಅಡ್ಡ ಹಿಡಿದು ರಾತ್ರಿ ಮಾಡಿದರು. ರಕ್ತವೆಂದು ಕಾಕಂಬಿಗೆ ಬಣ್ಣ ಕಲಸಿದ್ದರಿಂದ ಸತ್ತವರ ಮೇಲೆಲ್ಲ ನೊಣ ಮುತ್ತುತ್ತಿದ್ದವು. ಇಷ್ಟಾದರೂ ವೈನಿ ಬಾಯಿ ತೆರೆದಾಗ ಎಲ್ಲರೂ ಸುಮ್ಮನಾದರು. ನಾಲ್ಕನೆಯ ಮಾತಿಗೆ ಕುಡಗೋಲಿನವನೂ ಗೋಣಿಚೀಲ ಮೇಲೆತ್ತಿ ನೋಡಿದ. ಆಮೇಲೆ ಸಿನಿಮಾದವರು ಇನ್ನೊಂದು ಸೀರೆ ಇದ್ದರೆ ಕೊಡಿ ಎಂದರು, ಏಕೆಂದು ಹೇಳಲಿಲ್ಲ. ತವರಿನ ಇಳಕಲ್ ಸೀರೆಯನ್ನು ಅವಳು ಖುಷಿಯಿಂದಲೇ ಕೊಟ್ಟಳು.

ಏಳೆಂಟು ತಿಂಗಳ ಮೇಲೆ ಸಿನಿಮಾ ಮಿರಜಕ್ಕೆ ಬಂತು. ಗಿರಣಿಯ ಹೆಂಗಸರು ಅರ್ಧಕ್ಕರ್ಧ ಜನ ಮ್ಯಾಟಿನಿಗೆ ಬಂದಿದ್ದರು. ಅಣ್ಣನಿಗೆ ರಜೆ ಸಿಗಲಿಲ್ಲ. ವೈನಿ ನಾಲ್ಕು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಪಕ್ಕದಲ್ಲಿದ್ದಳು. ಮೊದಲಿನಿಂದಲೇ ನಗೆ ಶುರುವಾಯಿತು. ಮನುಷ್ಯರಿಲ್ಲದ ಅಡವಿ ಎನ್ನುವಾಗ ಹಿಂದೆ ಕಬ್ಬಿನ ಗಾಡಿಗಳು ಸಾಲಾಗಿ ಹೋಗುತ್ತಿದ್ದವು.

ವೈನಿ ತೆರೆಯ ಮೇಲೆ ಬಂದಳು. ಅವಳ ತುಟಿ ಅಲ್ಲಾಡಿತು. ಹೊರಬಿದ್ದದ್ದು ಅವಳ ದನಿಯಲ್ಲ. ಯಾರೋ ಗಂಡಸು ಗಂಟಲಿನಿಂದ “ಹುಗ್ಗಾ, ಹುಗ್ಗಾ, ಗಡಬಡ” ಎಂದು ಒದರುತ್ತಿದ್ದ. ಹೀರೋ ಹಿಂದಿಯಲ್ಲಿ, ಇದು ಹೆಂಗಸೋ ನರಿಯೋ ಎಂದು ಗೆಳೆಯನನ್ನು ಕೇಳಿದ. ಥೇಟರು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ತಡೆದುಕೊಳ್ಳುವುದರೊಳಗೆ ನಗೆ ಬಂದುಬಿಟ್ಟಿತ್ತು.

ಮುಂದಿನ ದೃಶ್ಯದಲ್ಲಿ ವೈನಿಯ ಬದಲು ಹುಲ್ಲು ತುಂಬಿದ ಗೊಂಬೆಗೆ ಆ ಇಳಕಲ್ ಸೀರೆ ಉಡಿಸಿ ಕಡಿದರು. ಸೆರಗು ಹರಿದು ಹುಲ್ಲು ಹೊರಗೆ ಬಂತು. ಅದಕ್ಕೂ ನಕ್ಕರು. ಮಗು ಹೆದರಿ ಅಳತೊಡಗಿತು. ಎದ್ದು ಹೋಗೋಣವೆಂದು ಕೈ ಹಿಡಿದೆ. ವೈನಿ ಏಳಲಿಲ್ಲ, ಕೊನೆಯವರೆಗೂ ಕೂತಳು.

ಮರುದಿನದಿಂದ ಗಿರಣಿಯಲ್ಲಿ ಅವಳ ಹೆಸರು ಹುಗ್ಗಾ ಆಯಿತು. ಅವರು ಕೆಟ್ಟವರಲ್ಲ, ಅವಳ ಮಗಳಿಗೆ ಹೆಸರಿಟ್ಟ ಬಾರಸಿಗೆ ಬಂದು ತೊಟ್ಟಿಲು ತೂಗಿದವರೇ. ಅವಳ ಮಾತನ್ನು ಬಾಯಿ ಬಿಟ್ಟುಕೊಂಡು ಕೇಳಿದವರೇ ಈಗ ಅವಳು ಕನ್ನಡದಲ್ಲಿ ನನ್ನನ್ನು ಕರೆದರೂ ಆ ಸದ್ದು ಮಾಡುತ್ತಿದ್ದರು. ಶೂಟಿಂಗಿಗೆ ಜನ ಒದಗಿಸಿದವನನ್ನು ಹುಡುಕಿ ಕೇಳಿದೆ. ಅವಳು ಹೇಳಿದ್ದು ಮುಂಬೈಯಲ್ಲಿ ಯಾರಿಗೂ ತಿಳಿಯಲಿಲ್ಲ, ಅಡವಿಯ ಜನರ ಹಾಗೆ ಅನ್ನಿಸಲೆಂದು ಬದಲಿಸಿದರು ಎಂದು ಮರಾಠಿಯಲ್ಲಿ ನಗುನಗುತ್ತಲೇ ಹೇಳಿದ. ಸೀರೆಯ ಮಾತೆತ್ತಿದರೆ, ಅದಿನ್ನೆಲ್ಲಿ ಎಂದ.

ವೈನಿ ಊಟದ ಹೊತ್ತಿನಲ್ಲಿ ಬೇರೆ ಕೂರತೊಡಗಿದಳು. ಆಮೇಲೆ ಮನೆಯಲ್ಲೂ ಮಗಳೊಂದಿಗೆ ಮರಾಠಿಯಲ್ಲೇ ಮಾತಾಡತೊಡಗಿದಳು. ಮರಾಠಿ ಶಾಲೆಗೆ ಸೇರಿಸುವ ವಯಸ್ಸು, ಒಳ್ಳೆಯದೇ ಆಯಿತು ಎಂದ ಅಣ್ಣ. ಅವನಿಗೆ ಬೇರೇನೂ ಕಾಣಲಿಲ್ಲ. ಒಂದು ಬೆಳಿಗ್ಗೆ ಅವಳು ಹಿಟ್ಟು ನಾದುತ್ತಿದ್ದಾಗ ಹತ್ತಿರ ಕೂತೆ.

“ವೈನಿ, ತಪ್ಪಾತು. ಅವತ್ತ ನಾ ನಗಬಾರದಿತ್ತು.”

ಅವಳು ನಾದುವುದನ್ನು ನಿಲ್ಲಿಸಲಿಲ್ಲ. “ಎಲ್ಲಾರೂ ನಕ್ರು ಬಿಡು. ನನಗ ನಿಂದಷ್ಟ ಕೇಳಿಸ್ತು.”

ಅವಳು ನನ್ನೊಂದಿಗೆ ಕನ್ನಡದಲ್ಲಿ ಆಡಿದ ಮಾತುಗಳಲ್ಲಿ ನೆನಪಿರುವ ಕೊನೆಯದು ಅದು. ಜಗಳವಾಗಲಿಲ್ಲ, ಒಂದೇ ಮನೆಯಲ್ಲಿ ಹದಿನಾಲ್ಕು ವರ್ಷ ಇದ್ದೆವು. ಗಿರಣಿ ಮುಚ್ಚಿತು. ಮಗಳ ಮದುವೆಯಾಯಿತು, ಆ ಹುಡುಗಿಗೆ ನನ್ನ ಮಾತು ಪೂರ್ತಿ ತಿಳಿಯುತ್ತದೆ, ಉತ್ತರ ಕೊಡಲು ಬರುವುದಿಲ್ಲ. ಈಗಲೂ ವಾರಕ್ಕೊಮ್ಮೆ ವೈನಿಯನ್ನು ನೋಡಲು ಹೋಗುತ್ತೇನೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮರಾಠಿಯಲ್ಲಿ ಹೇಳುತ್ತಾಳೆ. ಮಿರಜದಲ್ಲಿ ಇದು ದಿನನಿತ್ಯದ ಸಂಗತಿ. ನೆರೆಯವರು ಯಾರೂ ತಿರುಗಿ ನೋಡುವುದಿಲ್ಲ.