ನಾನೇ ಎಂದವರು

ಪ್ರಾರ್ಥನೆ ಮಾಡುವಾಗ ಟಿಕೆಟ್ ತಾತ ಒಂದೇ ಕಣ್ಣು ಮುಚ್ಚುತ್ತಿದ್ದ. ಇನ್ನೊಂದು ಕಣ್ಣು ಚರ್ಚಿನ ಕಡೆಯ ಬೆಂಚಿನಿಂದ ಎಲ್ಲರ ಬೆನ್ನುಗಳನ್ನೂ ತಡವಿ ನೋಡುತ್ತಿತ್ತು. ಯಾರು ತೂಕಡಿಸುತ್ತಿದ್ದಾರೆ, ಯಾರ ಕೈ ಪಕ್ಕದವರ ಚೀಲದ ಕಡೆ ಹರಿದಾಡುತ್ತಿದೆ, ಯಾವ ದೊಡ್ಡ ಮನುಷ್ಯ ಹಾಡಿನ ನಡುವೆ ಬರಿದೇ ಬಾಯಾಡಿಸುತ್ತಿದ್ದಾನೆ, ಎಲ್ಲವೂ ಅವನಿಗೆ ಗೊತ್ತಾಗಬೇಕು. ಹೆಂಡತಿ ಬದುಕಿದ್ದಾಗ ಮೊಣಕೈಯಿಂದ ತಿವಿದು, ಕಾಯುವುದಕ್ಕೆ ದೇವರಿಲ್ಲವೇ ಎಂದು ಕೇಳುತ್ತಿದ್ದಳು. "ಆತನಿಗೆ ಇಡೀ ಲೋಕ ಇದೆ. ಈ ನಾಲ್ಕು ಬೆಂಚು ನಾನು ನೋಡ್ಕೋತೀನಿ ಬಿಡು" ಎಂದು ತಾತ ಪಿಸುಗುಟ್ಟುತ್ತಿದ್ದ.

ಇದು ಹುಟ್ಟುಗುಣವಲ್ಲ, ನೌಕರಿ ಕಲಿಸಿದ ಗುಣ. ರೈಲಿನಲ್ಲಿ ಟಿಕೆಟ್ ಪರೀಕ್ಷಿಸುತ್ತಲೇ ತಲೆ ನರೆತವನು ಅವನು. ಟಿಕೆಟ್ಟಿಲ್ಲದವರಲ್ಲಿ ಎಷ್ಟು ಜಾತಿ ಎಂದು ಕೇಳಿದರೆ ಬೆರಳು ಮಡಚುತ್ತ ಕೂರುತ್ತಿದ್ದ. ಕರಿಕೋಟು ಕಂಡ ಕೂಡಲೇ ಗೊರಕೆ ಹೊಡೆಯುವವರು, ಕಿಟಕಿಯಾಚೆ ನೋಡುತ್ತ ಲೋಕವನ್ನೇ ಮರೆತವರು, ಪಾಯಖಾನೆಗೆ ಹೋಗಿ ಅಲ್ಲೇ ಸಂಸಾರ ಹೂಡುವವರು, ಇದ್ದಬದ್ದ ಜೇಬನ್ನೆಲ್ಲ ತಡಕುತ್ತ ಮುಂದಿನ ನಿಲ್ದಾಣದವರೆಗೆ ಕಾಲ ತಳ್ಳುವವರು. ಸಿಕ್ಕಿಬಿದ್ದ ಮೇಲೆ ಮಾತ್ರ ಎಲ್ಲರದೂ ಒಂದೇ ರಾಗ. ನಾನಲ್ಲ, ಅವನು. ನನ್ನದಲ್ಲ, ಅವಳದು. ಇಡೀ ನೌಕರಿಯಲ್ಲಿ "ನಾನೇ" ಎಂದು ಒಬ್ಬನೂ ತಾನಾಗಿ ಎದ್ದು ನಿಂತದ್ದನ್ನು ತಾತ ಕಂಡಿರಲಿಲ್ಲ.

ನಿವೃತ್ತಿಯಾದರೂ ಕಣ್ಣಿಗೆ ನಿವೃತ್ತಿ ಸಿಗಲಿಲ್ಲ. ಮಗಳ ಮನೆಯಲ್ಲಿ ಹಾಲಿನ ಪಾತ್ರೆಯನ್ನು ಬೆಳಕಿಗೆ ಓರೆಮಾಡಿ ನೋಡುತ್ತಿದ್ದ. ಅಳಿಯ ಹೊತ್ತು ಮೀರಿ ಬಂದರೆ ಅವನ ಚಪ್ಪಲಿಯ ಅಡಿಯ ಮಣ್ಣು ಯಾವ ರಸ್ತೆಯದೆಂದು ಬಗ್ಗಿ ಪರೀಕ್ಷಿಸುತ್ತಿದ್ದ. ಅಳಿಯ ಪಾಪದವನು. "ಮಾವ, ಬೇಕಾದ್ರೆ ಜೇಬೂ ನೋಡ್ಬಿಡಿ" ಎಂದು ನಕ್ಕು ಒಳಗೆ ಹೋಗುತ್ತಿದ್ದ. ಇಂಥವನನ್ನು ಮನೆಯಲ್ಲಿ ಕೂರಿಸಿಕೊಂಡು ಎಲ್ಲರೂ ಬೇಸತ್ತಿರಬೇಕೆಂದು ತಿಳಿದೋ ಏನೋ, ಹೆಂಡತಿ ತೀರಿಕೊಂಡ ಮೇಲೆ ಪಾದ್ರಿಗಳು ಚರ್ಚಿನ ಬೀರುವಿನ ಕೀಲಿಕೈಯನ್ನು ತಾತನ ಕೈಗೆ ಕೊಟ್ಟರು. ಅನುಮಾನಕ್ಕೂ ಒಂದು ಉದ್ಯೋಗ ಸಿಕ್ಕಿತು.

ಆ ಬೀರುವಿನಲ್ಲಿ ತಾತನ ಪ್ರಾಣವೇ ಇತ್ತು ಅನ್ನಿ. ಪೂಜಾಪೀಠಕ್ಕೆ ಹಾಸುವ ಬಿಳಿ ಬಟ್ಟೆ, ಅಂಚಿಗೆ ದ್ರಾಕ್ಷಿಬಳ್ಳಿಯ ಕಸೂತಿ. ಹೆಂಡತಿ ಹಾಸಿಗೆ ಹಿಡಿದ ಮೇಲೆ, ದಿಂಬಿಗೆ ಒರಗಿಕೊಂಡು ಹಾಕಿ ಮುಗಿಸಿದ್ದು. ಕಡೆಕಡೆಗೆ ಅವಳ ಕಣ್ಣು ಮಂಜಾಗಿತ್ತು. ಹಾಗಾಗಿ ಒಂದು ಮೂಲೆಯ ಎಲೆ ಬಳ್ಳಿಯನ್ನು ಬಿಟ್ಟು ಅತ್ತ ಸರಿದು, ಗಾಳಿಗೆ ಹಾರಿಹೋಗುತ್ತಿದೆಯೋ ಎಂಬಂತೆ ಕೂತಿತ್ತು. ಭಾನುವಾರ ಪೀಠದ ಮುಂದೆ ಮೊಣಕಾಲೂರಿದಾಗ ತಾತನ ತೆರೆದ ಕಣ್ಣು ಕೊನೆಗೆ ಬಂದು ನಿಲ್ಲುತ್ತಿದ್ದುದು ಆ ಸೊಟ್ಟ ಎಲೆಯ ಮೇಲೆ.

ಆ ಬಟ್ಟೆ ಕಾಣೆಯಾಯಿತು.

ಒಗೆಯಲು ತೆಗೆದುಕೊಂಡು ಹೋದವಳು ಚರ್ಚು ಗುಡಿಸುವ ಹೆಂಗಸು. ಮಕ್ಕಳ ಬಾಯಲ್ಲಿ ಅವಳು ಪೊರಕೆ ಅಕ್ಕ. ಚರ್ಚಿನ ಹಿಂದಿನ ಒಂದು ಕೋಣೆಯಲ್ಲಿ, ಪಾರ್ಶ್ವವಾಯು ಬಡಿದು ಮಲಗಿದ ತಾಯಿಯೊಂದಿಗೆ ಇದ್ದಳು. ಒಗೆದೆ, ಒಣಗಿಸಿದೆ, ಮಡಚಿ ಬೀರುವಿನ ಮುಂದಿನ ಮೇಜಿನ ಮೇಲೆ ಇಟ್ಟೆ, ಬೀಗ ನಿಮ್ಮದಲ್ಲವೇ, ನೀವೇ ಒಳಗಿಟ್ಟುಕೊಳ್ಳುತ್ತೀರಿ ಅಂದುಕೊಂಡೆ ಎಂದಳು. ಹೇಳುವಾಗ ಅವಳು ನೆಲ ನೋಡುತ್ತಿದ್ದಳು. ತಾತನಿಗೆ ಅಷ್ಟು ಸಾಕಾಯಿತು. ನೆಲ ನೋಡುವವರನ್ನು ಅವನು ಕಂಡವನೇ. ಅದೂ ಅಲ್ಲದೆ, ಮರುದಿನ ಅವಳ ಬಾಗಿಲಿನ ಮುಂದೆ ಹಾದುಹೋಗುವಾಗ ಅವಳು ಸರಕ್ಕನೆ ಪರದೆ ಎಳೆದುಕೊಂಡದ್ದನ್ನು ನೋಡಿದ. ಮಗಳು, "ಅಪ್ಪ, ಹಾಸಿಗೆ ಹಿಡಿದ ಮುದುಕಿ ಇರೋ ಕೋಣೆ, ಪರದೆ ಎಳೀದೆ ಮೆರವಣಿಗೆ ಮಾಡ್ತಾರಾ?" ಅಂದಳು. ತಾತನ ಕಿವಿಗೆ ಅದು ಹೋಗಲಿಲ್ಲ. ದೂರು ಪಾದ್ರಿಗಳಿಗೆ ಮುಟ್ಟಿತು, ಪಾದ್ರಿಗಳಿಂದ ಸಮಿತಿಗೆ ಮುಟ್ಟಿತು. ಭಾನುವಾರ ಆರಾಧನೆ ಮುಗಿದ ಮೇಲೆ ಸಭೆ. ತಾತ ಎದ್ದು ನಿಂತು ಹೇಳಿದರೆ ಅವಳ ಕೆಲಸ ಹೋಗುತ್ತದೆ, ಕೆಲಸದ ಜೊತೆ ಕೋಣೆಯೂ. ಆ ತಾಯಿಯನ್ನು ಬೆನ್ನ ಮೇಲೆ ಹೊತ್ತು ಅವಳು ಯಾವ ಬೀದಿಗೆ ಇಳಿಯಬೇಕೆಂಬುದು ಸಮಿತಿಯ ಚಿಂತೆಯಾಗಿರಲಿಲ್ಲ.

ಆ ಭಾನುವಾರವೇ ಇನ್ನೊಂದು ಫಜೀತಿ. ಚಿಕ್ಕ ಮಕ್ಕಳಿಗೆ ಬೈಬಲ್ ಪಾಠ ಹೇಳುವ ಟೀಚರಮ್ಮ ಹೆರಿಗೆಗೆ ಹೋಗಿದ್ದಳು. ಪಾದ್ರಿಗಳು ತಾತನನ್ನೇ ಹಿಡಿದು, ಆರಾಧನೆ ಶುರುವಾಗುವ ತನಕ ಮಕ್ಕಳನ್ನು ಸ್ವಲ್ಪ ಕೂರಿಸಿಕೊಳ್ಳಿ, ಒಂದು ಕಥೆ ಹೇಳಿ ಎಂದು ಕೋಣೆಗೆ ನೂಕಿದರು. ಅಂಗೈಯಗಲದ ಕುರ್ಚಿಗಳ ನಡುವೆ ತಾತ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂತ. ಎದುರಿಗೆ ಮೂಗು ಸುರಿಸುವವರು, ಒಬ್ಬರ ಜಡೆ ಒಬ್ಬರು ಎಳೆಯುವವರು, ಹುಬ್ಬಿನವರೆಗೆ ಎಣ್ಣೆ ಇಳಿದವರು. ಮುಂದಿನ ಸಾಲಿನಲ್ಲಿ ಮೇಲಿನ ಎದುರುಹಲ್ಲೆರಡೂ ಬಿದ್ದ ಹುಡುಗಿ. ಎಲ್ಲರೂ ಅವಳನ್ನು ಬೊಚ್ಚಿ ಎನ್ನುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಅವಳ ಪಕ್ಕದಲ್ಲಿ ಗುಂಡ, ಹೆಸರಿಗೆ ತಕ್ಕ ಹೊಟ್ಟೆಯವನು.

ತಾತನಿಗೆ ಗೊತ್ತಿದ್ದುದು ಶಿಲುಬೆಯ ಕಥೆ, ಹೇಳಲು ಬರುತ್ತಿದ್ದುದು ರೈಲಿನ ಭಾಷೆ. ಎರಡನ್ನೂ ಕಲಸಿ ಹೇಳಿದ. ಒಂದು ಬೋಗಿ ತುಂಬ ಜನ, ಒಬ್ಬರ ಹತ್ತಿರವೂ ಟಿಕೆಟ್ಟಿಲ್ಲ. ಹಿಡಿಯುವವನು ಬಂದ. ಎಲ್ಲರೂ ಸೀಟಿನ ಕೆಳಗೆ ನುಸುಳಿದರು. ಆಗ ಟಿಕೆಟ್ ಇದ್ದವನೊಬ್ಬ ಎದ್ದುನಿಂತು, ಇವರ ತಪ್ಪೆಲ್ಲ ನನ್ನ ಮೇಲೆ ಹಾಕಿ, ಇವರನ್ನು ಬಿಡಿ ಅಂದ. ಅವನನ್ನು ಇಳಿಸಿ ಎಳೆದುಕೊಂಡು ಹೋದರು. ಇವರು ಮನೆ ಸೇರಿದರು. ಆತನೇ ಯೇಸುಸ್ವಾಮಿ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ತನ್ನ ಕಥೆ ಇಷ್ಟು ಚೆನ್ನಾಗಿ ಬಂದದ್ದು ತಾತನಿಗೇ ಆಶ್ಚರ್ಯವಾಯಿತು, ಮೀಸೆಯಡಿ ಸಣ್ಣ ನಗುವೂ ಬಂತು. ಕಥೆ ಮುಗಿದರೂ ಕಣ್ಣಿನ ಚಟ ಮುಗಿಯಬೇಕಲ್ಲ. ಈ ಮಕ್ಕಳು ಸದಾ ಆ ಗುಡಿಸುವವಳ ಸೆರಗು ಹಿಡಿದು ಓಡಾಡುತ್ತಿದ್ದವರು, ಗಂಟೆಯ ಹಗ್ಗಕ್ಕೆ ಜೋತುಬೀಳಲು ಬಿಡುತ್ತಿದ್ದುದೂ ಅವಳೇ. ಏನಾದರೂ ಕಂಡಿರಬಹುದು. ತಾತ ದನಿ ತಗ್ಗಿಸಿ, ಬಟ್ಟೆ ಕಳೆದ ಸಂಗತಿ ಹೇಳಿ, ಯಾರಿಗೆ ಏನು ಗೊತ್ತೋ ಹೇಳಿ ಎಂದು ಕೇಳಿದ.

"ಪೊರಕೆ ಅಕ್ಕನ್ನ ಓಡಿಸ್ತಾರಂತಲ್ಲ, ಅದಕ್ಕಾ?" ಎಂದಳು ಬೊಚ್ಚಿ.

"ತಗೊಂಡಿದ್ರೆ ಓಡಿಸ್ತಾರೆ."

ಹುಡುಗಿ ಸ್ವಲ್ಪ ಹೊತ್ತು ಕಾಲು ಆಡಿಸಿದಳು. ಆಮೇಲೆ ಎದ್ದುನಿಂತಳು. "ನಾನೇ ತಗೊಂಡಿದ್ದು."

ತಾತ ಹಾವು ತುಳಿದವನಂತೆ ಬೆಚ್ಚಿದ. ಅವನು ಬಾಯಿ ತೆರೆಯುವಷ್ಟರಲ್ಲಿ ಗುಂಡ ಎದ್ದ, ತಾನೇ ತಗೊಂಡದ್ದು ಅಂದ. ಹಿಂದಿನ ಸಾಲಿನ ಎಣ್ಣೆತಲೆಯವನು ಎದ್ದ. ಜಡೆ ಎಳೆಯುತ್ತಿದ್ದವಳು ಎದ್ದಳು, ಎಳೆಸಿಕೊಳ್ಳುತ್ತಿದ್ದವಳೂ ಎದ್ದಳು. ಕೋಣೆಯಲ್ಲಿ ಕೂತವನು ತಾತ ಒಬ್ಬನೇ ಉಳಿದ.

ಇದರಲ್ಲಿ ಏನೋ ಮಸಲತ್ತಿದೆ ಎಂದು ಅವನ ತಲೆ ಗಡಿಯಾರದ ಹಾಗೆ ಓಡಿತು. ಆ ಗುಡಿಸುವವಳೇ ಮಿಠಾಯಿ ಕೊಟ್ಟು ಹೇಳಿಕೊಟ್ಟಿರಬೇಕು. ಒಬ್ಬೊಬ್ಬರನ್ನೇ ಬಾಗಿಲ ಬಳಿಗೆ ಕರೆದು ವಿಚಾರಿಸಿದ. ಬಟ್ಟೆ ಎಲ್ಲಿ? ಒಬ್ಬ ಬಾವಿಗೆ ಹಾಕಿದೆ ಅಂದ, ಅಲ್ಲಿ ಬಾವಿಯೇ ಇರಲಿಲ್ಲ. ಒಬ್ಬಳು ನಾಯಿಮರಿಗೆ ಅಂಗಿ ಹೊಲಿದೆ ಅಂದಳು. ಗುಂಡ ಬಹಳ ಯೋಚಿಸಿ, ನುಂಗಿಬಿಟ್ಟೆ ಅಂದ. ಅವನ ಹೊಟ್ಟೆ ನೋಡಿದರೆ ಅದೊಂದು ಮಾತ್ರ ನಂಬುವಂತಿತ್ತು. ಮಿಠಾಯಿ ಯಾರೂ ಕೊಟ್ಟಿರಲಿಲ್ಲ. ಯಾರೂ ನೆಲ ನೋಡಲೂ ಇಲ್ಲ. ಸುಳ್ಳನ್ನು ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ತಪ್ಪಿಸಿಕೊಳ್ಳಲು ಹೇಳುವ ಸುಳ್ಳನ್ನು ತಾತ ಗಾಡಿಗಟ್ಟಲೆ ಕೇಳಿದ್ದ. ಸಿಕ್ಕಿಬೀಳಲು ಹೇಳುವ ಸುಳ್ಳು ಅವನಿಗೆ ಹೊಸದು.

ಕೊನೆಗೆ ಬೊಚ್ಚಿಯನ್ನು ನಿಲ್ಲಿಸಿಕೊಂಡು, ಪೊರಕೆ ಅಕ್ಕ ತೆಗೆದುಕೊಂಡಿಲ್ಲ ಅಂತ ನಿನಗೆ ಗೊತ್ತಾ ಎಂದು ಕೇಳಿದ.

"ಗೊತ್ತಿಲ್ಲ."

"ತಗೊಂಡಿದ್ರೆ?"

ಹುಡುಗಿ ಅವನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. "ನೀವೇ ಹೇಳಿದ್ರಲ್ಲ ತಾತ. ಟಿಕೆಟ್ ಇಲ್ದೋರಿಗೇ ತಾನೆ ಆತ ಎದ್ದು ನಿಂತಿದ್ದು? ಟಿಕೆಟ್ ಇರೋರಿಗೆ ಯಾರಾದ್ರೂ ಯಾಕೆ ಎದ್ದು ನಿಲ್ಬೇಕು?"

ಅಷ್ಟು ಹೇಳಿ, ಮನೆಯಲ್ಲಿ ಗಾಜಿನ ಜಾಡಿ ಒಡೆದದ್ದಕ್ಕೆ ಹೇಗೂ ಇವತ್ತು ಏಟು ಬೀಳುವುದಿದೆ, ಇದೂ ಅದರ ಜೊತೆಗೇ ಆಗಿಹೋಗಲಿ ಎಂದು ವ್ಯವಹಾರದ ಮಾತೂ ಆಡಿ, ಒಂಟಿಕಾಲಲ್ಲಿ ಕುಪ್ಪಳಿಸುತ್ತ ಹೊರಗೆ ಆಡಲು ಓಡಿದಳು.

ಆರಾಧನೆಯಲ್ಲಿ ತಾತನಿಗೆ ಒಂದು ಹಾಡೂ ತಲೆಗೆ ಹತ್ತಲಿಲ್ಲ. ಮಕ್ಕಳ ಮಾತಿಗೆ ಮರುಳಾಗುವುದೇ ಎಂದು ತನ್ನನ್ನೇ ಬೈದುಕೊಂಡ. ಕಥೆ ಕಥೆ, ಬಟ್ಟೆ ಬಟ್ಟೆ. ಒಂದು ಪುರಾವೆ ಸಿಕ್ಕಿಬಿಟ್ಟರೆ ಸಾಕು ಅನ್ನಿಸಿತು. ಆರಾಧನೆ ಮುಗಿದು ಜನ ಕೈಕುಲುಕುತ್ತ ನಿಂತಿದ್ದಾಗ, ಅವನು ಹಿಂದಿನ ಬಾಗಿಲಿನಿಂದ ನುಸುಳಿ ಗುಡಿಸುವವಳ ಕೋಣೆಗೆ ನಡೆದ. ಅವಳು ಸಭೆಗೆ ಬೆಂಚು ಜೋಡಿಸಲು ಹೋಗಿದ್ದಳು.

ಪರದೆ ಸರಿಸಿದ. ಒಂದು ಒಲೆ, ಒಂದು ಕೊಡ, ಹಗ್ಗದ ಮೇಲೆ ಒಂದು ಸೀರೆ. ಮಂಚದ ಮೇಲೆ ಮುದುಕಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಕೋಣೆಯಲ್ಲಿ ಔಷಧಿಯ ಎಣ್ಣೆಯ ವಾಸನೆ ಇತ್ತು. ಹೆಂಡತಿಯ ಕೊನೆಯ ದಿನಗಳಲ್ಲಿ ತನ್ನ ಮನೆಯಲ್ಲೂ ಇದ್ದ ವಾಸನೆಯೇ ಅದು. ಮುದುಕಿಯ ದಿಂಬಿನ ಕೆಳಗಿನಿಂದ ಬಿಳಿಯ ಬಟ್ಟೆಯೊಂದರ ತುದಿ ಇಣುಕುತ್ತಿತ್ತು. ಹರಿದ ಹೊದಿಕೆಯ ಚೂರೂ ಇರಬಹುದು, ಅದೂ ಇರಬಹುದು. ಕಸೂತಿ ಇದ್ದರೆ ಒಳಮಡಿಕೆಯಲ್ಲಿ ಇರಬೇಕು.

ತಾತ ಬಗ್ಗಿದ. ಕೈ ಚಾಚಿದ. ಎರಡು ಬೆರಳಿನಲ್ಲಿ ತುದಿ ಹಿಡಿದು ಎಳೆದರೆ ಆಯಿತು, ಎಲೆ ಕಂಡರೆ ಕಳ್ಳಿ, ಕಾಣದಿದ್ದರೆ ಅಲ್ಲ. ಜೀವಮಾನವಿಡೀ ಮಾಡಿದ ಕೆಲಸ. ಮುದುಕಿ ನಿದ್ದೆಯಲ್ಲೇ ಕೆನ್ನೆಯನ್ನು ದಿಂಬಿಗೆ ಒತ್ತಿಕೊಂಡಳು. ಟಿಕೆಟ್ ಇರೋರಿಗೆ ಯಾಕೆ ಎದ್ದು ನಿಲ್ಬೇಕು ಎಂಬ ಮಾತು, ಹಲ್ಲಿಲ್ಲದ ಬಾಯಿಯ ಗಾಳಿಯ ಸಮೇತ, ಅವನ ಕಿವಿಯಲ್ಲಿ ಊದಿತು. ಇವಳು ಕದ್ದಿಲ್ಲ ಎಂದು ಖಚಿತವಾದ ಮೇಲೆ ಬಿಟ್ಟುಬಿಡುವುದು ಯಾವ ದೊಡ್ಡ ಸಂಗತಿ? ಹಾಗೆ ಟಿಕೆಟ್ ಇದ್ದವರನ್ನು ರೈಲಿನಲ್ಲಿ ತಾನು ದಿನಾ ಬಿಡುತ್ತಿರಲಿಲ್ಲವೇ?

ತುದಿ ಹಿಡಿಯದೆ ಕೈ ಹಿಂತೆಗೆದ. ಪರದೆಯನ್ನು ಇದ್ದ ಹಾಗೆ ಎಳೆದು ಬಂದ.

ಸಭೆಯಲ್ಲಿ ಪಾದ್ರಿಗಳು, ನಿವೃತ್ತ ಮುಖ್ಯೋಪಾಧ್ಯಾಯಿನಿ ಮತ್ತು ಔಷಧಿ ಅಂಗಡಿಯವರು ಕೂತಿದ್ದರು. ಗುಡಿಸುವವಳು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಮುಖ್ಯೋಪಾಧ್ಯಾಯಿನಿ ಕನ್ನಡಕ ಸರಿಮಾಡಿಕೊಂಡು, ನೀವು ಕಂಡದ್ದನ್ನು ಹೇಳಿ ಎಂದರು. ತಾತ ಎದ್ದ. ಮಂಡಿ ಲಟಕ್ ಎಂದಿತು.

"ಕೀಲಿಕೈ ನನ್ನ ಹತ್ರ ಇತ್ತು" ಅಂದ. "ಬಟ್ಟೆ ಹೋಗಿದ್ದಕ್ಕೆ ನನ್ನನ್ನೇ ಹಿಡೀರಿ. ಆಕೆಯನ್ನ ಬಿಟ್ಬಿಡಿ."

ಅಂಗಡಿಯವರು ಮುಖ್ಯೋಪಾಧ್ಯಾಯಿನಿಯ ಮುಖ ನೋಡಿದರು, ಅವರು ಪಾದ್ರಿಗಳ ಮುಖ ನೋಡಿದರು. ಮೂವರಿಗೂ ಒಟ್ಟಿಗೇ ಅರ್ಥವಾದಂತೆ ಇತ್ತು. ಅರ್ಥವಾದದ್ದು ಬೇರೆಯೇ. ಹೆಂಡತಿಯ ಕೈಕೆಲಸ, ಮುದಿ ಜೀವ, ನೆನಪಿಗೆಂದು ಮನೆಗೆ ಒಯ್ದುಕೊಂಡಿದ್ದಾನೆ ಪಾಪ. ಮೇಲಿಂದ ಈ ಬಡಪಾಯಿ ಹೆಂಗಸಿನ ತಲೆಯ ಮೇಲೆ ಗೂಬೆ ಕೂರಿಸಿದ್ದನಲ್ಲ ಎಂದು ಅಂಗಡಿಯವರು ತುಟಿ ಕಚ್ಚಿಕೊಂಡರು. ತಾತನಿಗೆ ಅದು ತಿಳಿಯಿತು. ಎದುರಿನವರ ಅನುಮಾನವನ್ನು ಮುಖದಲ್ಲಿ ಓದುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಬರಬೇಕು? ಅಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು, ನಾನಲ್ಲ ಎಂಬ ಆ ಹಳೆಯ ರಾಗವೇ. ನುಂಗಿಕೊಂಡ. ಗುಂಡನ ಹಾಗೆ.

ಕೀಲಿಕೈಯನ್ನು ಅವನಿಂದ ತೆಗೆದುಕೊಂಡು, ಹತ್ತಿರದಲ್ಲೇ ಇರುವವಳೆಂದು ಗುಡಿಸುವವಳ ಕೈಗೇ ಕೊಟ್ಟರು.

ಮನೆಯಲ್ಲಿ ಮಗಳಿಗೂ ಅದೇ ಅನುಮಾನ. ಅವನು ಸ್ನಾನಕ್ಕೆ ಹೋದಾಗ ಅವನ ಪೆಟ್ಟಿಗೆ ತೆರೆದು ನೋಡಿದಳು, ಕದಲಿದ ಬಟ್ಟೆಗಳ ಮಡಿಕೆಗಳು ತಾತನಿಗೆ ಅದನ್ನು ಹೇಳಿದವು. ಬಟ್ಟೆ ಆಮೇಲೂ ಸಿಗಲಿಲ್ಲ. ಪೀಠಕ್ಕೆ ಈಗ ಅಂಗಡಿಯಿಂದ ತಂದ ಬಟ್ಟೆ, ಅದರ ಬಳ್ಳಿಯಲ್ಲಿ ಎಲ್ಲ ಎಲೆಯೂ ನೆಟ್ಟಗೆ. ಅದನ್ನು ನೋಡಿದಾಗಲೆಲ್ಲ ತಾತನ ಕಣ್ಣು ಸೊಟ್ಟ ಎಲೆಯನ್ನು ಹುಡುಕುತ್ತಿತ್ತು. ದಿಂಬಿನ ಕೆಳಗಿನ ಆ ತುದಿ ಕನಸಿನಲ್ಲೂ ಬರುತ್ತಿತ್ತು. ಅನುಮಾನ ಹೋಯಿತು ಎಂದರೆ ಸುಳ್ಳಾದೀತು.

ಒಂದು ಭಾನುವಾರ ಮೆಟ್ಟಿಲ ಬಳಿ ಬೊಚ್ಚಿ ಅಡ್ಡಗಟ್ಟಿದಳು. ಒಂದು ಹಲ್ಲು ಹೊಸದಾಗಿ ಇಣುಕಿತ್ತು.

"ತಾತ, ನೀವೇನಾ ತಗೊಂಡಿದ್ದು?"

"ನಾನೇ."

ಅವಳು ಅವನ ಕಣ್ಣನ್ನೇ ನೋಡಿದಳು, ಟಿಕೆಟ್ಟನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ. ಆಮೇಲೆ, ನಂಬಿದಳೋ ಬಿಟ್ಟಳೋ ತಿಳಿಯದಂತೆ, ಅವನ ಬೆರಳು ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಅಂದು ಪ್ರಾರ್ಥನೆಯ ಹೊತ್ತಿಗೆ ತಾತ ವಾಡಿಕೆಯಂತೆ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಬೆನ್ನುಗಳ ಮೇಲೆ ಹರಿಬಿಟ್ಟ. ಎಲ್ಲರ ತಲೆಯೂ ಬಾಗಿತ್ತು. ಬೀರುವಿನ ಪಕ್ಕದಲ್ಲಿ ಇತ್ತ ತಿರುಗಿದ್ದ ಒಂದು ತಲೆ ಮಾತ್ರ ಬಾಗಿರಲಿಲ್ಲ. ಪೊರಕೆ ಅಕ್ಕ, ಕೀಲಿಕೈಯನ್ನು ಸೆರಗಿನಲ್ಲಿ ಗಂಟು ಹಾಕಿ ಬಿಗಿಯಾಗಿ ಹಿಡಿದುಕೊಂಡು, ಒಂದೇ ಕಣ್ಣು ತೆರೆದು, ತಾತನ ಕೈಗಳನ್ನೇ ಕಾಯುತ್ತಿದ್ದಳು.

ತಾತ ಎರಡೂ ಕೈಗಳನ್ನು ಅವಳಿಗೆ ಕಾಣುವಂತೆ ಮುಂದಿನ ಬೆಂಚಿನ ಮೇಲೆ ಇಟ್ಟ. ಆಮೇಲೆ ಇನ್ನೊಂದು ಕಣ್ಣನ್ನೂ ಮುಚ್ಚಿದ.